ಹೆಬ್ಬೆರಳಿನ ಗಾಡಿ

ಸ್ಕೂಟರ್ ಬರುವವರಿಗೆ ಈ ಗಾಡಿ ಕಲಿಸುವುದು ಕಷ್ಟ ಎಂದು ಗುರುಗಳು ಮೊದಲ ದಿನವೇ ಹೇಳಿಬಿಟ್ಟರು.

"ಏನೂ ಬರಲಾರದೋರಿಗೆ ಒಂದು ವಾರ ಸಾಕ್ರಿ ಮೇಡಮ್ಮಾರ. ಸ್ಕೂಟರ್ ಬರೋರಿಗೆ ಎರಡು. ಮದಲ್ನೇ ವಾರ ಪೂರ್ತಿ ಅದನ್ನ ಮರಸಾಕ ಹೋಗತೈತಿ."

ಇಪ್ಪತ್ತು ವರ್ಷಗಳಿಂದ ಹೊಸಪೇಟೆಯಲ್ಲಿ ಸ್ಕೂಟರ್ ಓಡಿಸುತ್ತಿದ್ದೇನೆ ಎಂದು ನಾನು ಹೆಮ್ಮೆಯಿಂದ ಹೇಳಿದ್ದೆ. ಅದಿರಿನ ಲಾರಿ, ಹಂಪಿಗೆ ಹೋಗುವ ಆಟೋ, ಕಬ್ಬಿನ ಟ್ರ್ಯಾಕ್ಟರು, ರಸ್ತೆ ನಡುವೆ ಮಲಗಿದ ಎಮ್ಮೆ, ಇವುಗಳ ಮಧ್ಯೆ ಒಮ್ಮೆಯೂ ಬಿದ್ದಿಲ್ಲ ಎಂದೂ ಸೇರಿಸಿದ್ದೆ. ಅವರು "ಇಪ್ಪತ್ತು ವರ್ಷ" ಎಂದು ಮೆಲ್ಲಗೆ ಹೇಳಿಕೊಂಡು ತಲೆಯಾಡಿಸಿದರು. ಆ ದಿನದ ಡೈರಿಯಲ್ಲಿ "ನನ್ನ ಅನುಭವ ಕೇಳಿ ಮೆಚ್ಚಿಕೊಂಡರು" ಎಂದು ಬರೆದಿದ್ದೇನೆ. ಈಗ ಓದಿದರೆ, ಅದು ಹಳೆಯ ಕಾಯಿಲೆಯ ವಿವರ ಕೇಳಿದ ವೈದ್ಯರು ತಲೆಯಾಡಿಸುವ ರೀತಿ ಎಂದು ಗೊತ್ತಾಗುತ್ತದೆ. ನನ್ನ ಡೈರಿಯನ್ನು ನಾನು ಪೂರ್ತಿ ನಂಬುವುದಿಲ್ಲ. ನೆನಪನ್ನಂತೂ ಇನ್ನೂ ಕಡಿಮೆ.

ಸಂಡೂರಿನ ಬೆಟ್ಟಗಳಲ್ಲಿ ಮುಚ್ಚಿಹೋದ ಒಂದು ಗಣಿಯ ಮಣ್ಣುರಾಶಿಗಳ ಮೇಲೆ ಗಿಡ ಬೆಳೆಸುವುದು ನನ್ನ ಕೆಲಸ. ಓದಿದ್ದು ಸಸ್ಯಶಾಸ್ತ್ರ. ಆ ರಾಶಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದಾರೆ. ಎಲ್ಲಕ್ಕಿಂತ ಮೇಲಿನದು ಐದನೇ ಮೆಟ್ಟಿಲು. ಅಲ್ಲಿ ಏನೂ ಬದುಕುವುದಿಲ್ಲ ಎಂದು ಎಲ್ಲರೂ ಹೇಳಿದ ಮೇಲೆ, ನಾನು ಹಟ ಹಿಡಿದು ದಿಂಡಿಗ, ಹೊಂಗೆ ಮತ್ತು ಬಿದಿರಿನ ಸಸಿಗಳನ್ನು ನೆಡಿಸಿದ್ದೆ. ಅದು ಮೂರು ವರ್ಷದ ಹಿಂದೆ. ಕಳೆದ ಮಳೆಗಾಲದಲ್ಲಿ ಜೀಪು ಹೋಗುವ ದಾರಿ ಕೊಚ್ಚಿಹೋಯಿತು. ನಡೆದು ಹತ್ತಲು ನನ್ನ ಎಡಮಂಡಿ ಒಪ್ಪುವುದಿಲ್ಲ. ಹಾಗಾಗಿ ನಾಲ್ಕು ತಿಂಗಳು ನಾನು ಆ ಗಿಡಗಳ ಮುಖ ನೋಡಿರಲಿಲ್ಲ. ಬದುಕಿವೆಯೋ ಸತ್ತಿವೆಯೋ ಗೊತ್ತಿರಲಿಲ್ಲ.

ಆಗ ಬಂದದ್ದು ಎಟಿವಿ. ನಾಲ್ಕು ದಪ್ಪ ಗಾಲಿ, ಬೈಕಿನಂಥ ಹ್ಯಾಂಡಲ್ಲು, ಕುದುರೆಯ ಹಾಗೆ ಎರಡೂ ಕಡೆ ಕಾಲು ಇಳಿಬಿಟ್ಟು ಕೂರುವ ಸೀಟು. ಕಲ್ಲು, ಕೊರಕಲು, ಸಡಿಲ ಮಣ್ಣು ಯಾವುದಾದರೂ ಸರಿ, ಹತ್ತುತ್ತದೆ. ಸ್ಕೂಟರಿನಂತೆ ಹಿಡಿ ತಿರುಗಿಸಿದರೆ ವೇಗ ಬರುವುದಿಲ್ಲ. ಬಲಗೈ ಹೆಬ್ಬೆರಳಿಗೆ ಸಿಗುವಂತೆ ಒಂದು ಪುಟ್ಟ ಲಿವರ್ ಇರುತ್ತದೆ, ಅದನ್ನು ಒತ್ತಬೇಕು. ಅದಕ್ಕೇ ನಮ್ಮ ಕೆಲಸದವರೆಲ್ಲ ಅದನ್ನು ಹೆಬ್ಬೆರಳಿನ ಗಾಡಿ ಎನ್ನುತ್ತಿದ್ದರು. ಓಡಿಸುವ ಪರೀಕ್ಷೆ ಪಾಸಾದವರು ಮಾತ್ರ ಮೇಲೆ ಹೋಗಬಹುದು, ಫೇಲಾದವರು ಆಫೀಸಿನಲ್ಲಿ ಕುಳಿತು ಪಟ್ಟಿ ತಯಾರಿಸಬೇಕು ಎಂದು ಯೋಜನೆಯ ಮುಖ್ಯಸ್ಥರು ಆದೇಶ ಹೊರಡಿಸಿದರು. ನಾನು ಫೇಲಾದರೆ ಐದನೇ ಮೆಟ್ಟಿಲು ತಿಂಗಳ ಕೊನೆಗೆ ಬೇರೆ ತಂಡಕ್ಕೆ ಹೋಗುತ್ತದೆ. ಅವರು ಅದನ್ನು ಸಪಾಟು ಮಾಡಿ ಹುಲ್ಲು ಬಿತ್ತುವವರಿದ್ದರು.

ಮನೆಯಲ್ಲಿ ವಿಷಯ ಹೇಳಿದಾಗ ಅತ್ತೆ ಜಪಮಾಲೆ ಪಕ್ಕಕ್ಕಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಐವತ್ತಕ್ಕ ಬಂದಿ. ಈಗ ನಾಕು ಗಾಲಿ ಹತ್ತತೀಯಂತ. ಮುಂದ ಏನವಾ, ಆನಿ?"

ಗುರುಗಳು ಕಂಪ್ಲಿಯವರು. ಗಣಿಯಲ್ಲಿ ಜೀವಮಾನವೆಲ್ಲ ಡಂಪರ್ ಓಡಿಸಿ ನಿವೃತ್ತರಾದವರು. ಮನೆಯಷ್ಟು ಎತ್ತರದ ಆ ಗಾಡಿಗಳ ಶಿಸ್ತನ್ನು ಅವರು ಒಂದು ಎಳೆಯೂ ಬಿಡದೆ ನಮ್ಮ ಪುಟ್ಟ ಗಾಡಿಗೆ ತಂದರು. ಗಣಿಯಲ್ಲಿ ಎಂಜಿನ್ ಚಾಲೂ ಮಾಡುವ ಮುಂಚೆ ಒಂದು ಹಾರ್ನ್, ಮುಂದೆ ಹೋಗುವ ಮುಂಚೆ ಎರಡು, ಹಿಂದಕ್ಕೆ ಮೂರು. ಡಂಪರಿನ ಹಾರ್ನ್ ಬೆಟ್ಟ ನಡುಗಿಸುತ್ತದಂತೆ. ನಮ್ಮದು "ಪೀಂ" ಎನ್ನುತ್ತಿತ್ತು. ಸುತ್ತ ಒಂದು ಮೈಲಿ ಯಾರೂ ಇಲ್ಲದ ಹಳೆಯ ಅದಿರಿನ ಅಂಗಳದಲ್ಲಿ ನಾನು ಹೆಲ್ಮೆಟ್, ಕನ್ನಡಕ, ಗ್ಲೌಸು, ಮೊಣಕಾಲಿನವರೆಗಿನ ಬೂಟು ಎಲ್ಲ ಏರಿಸಿ ಕುಳಿತು, ಪೀಂ ಪೀಂ ಎಂದು ಕಾಗೆಗಳಿಗೆ ಎಚ್ಚರಿಕೆ ಕೊಟ್ಟು ಹೊರಡುತ್ತಿದ್ದೆ.

ಎರಡನೆಯದು ದಾರ. ಸುರುಳಿ ಸುತ್ತಿದ ಒಂದು ಕೆಂಪು ದಾರದ ತುದಿ ನನ್ನ ಮಣಿಕಟ್ಟಿಗೆ, ಇನ್ನೊಂದು ತುದಿ ಗಾಡಿಯ ಸ್ವಿಚ್ಚಿಗೆ. ಗಾಡಿಯಿಂದ ಬಿದ್ದರೆ ದಾರ ಕಿತ್ತು ಎಂಜಿನ್ ನಿಲ್ಲುತ್ತದೆ. "ಇದು ನಿಮ್ಮ ಬಳಿಗಿಂತ ಮುಖ್ಯರಿ. ಬಳಿ ಬಿಚ್ಚಿಟ್ಟು ಬರ್ರಿ, ಇದನ್ನ ಬಿಚ್ಚಬ್ಯಾಡ್ರಿ" ಎಂದರು.

ಮೂರನೆಯದೇ ನನ್ನ ಪ್ರಾರಬ್ಧ. ಕಾಲು. ಸ್ಕೂಟರಿನವರಿಗೆ ತಿರುವಿನಲ್ಲಿ, ಗುಂಡಿಯಲ್ಲಿ, ಸ್ವಲ್ಪ ಅಳುಕಾದರೂ ಸಾಕು, ಕಾಲು ತಾನಾಗಿ ನೆಲಕ್ಕೆ ಹೋಗುತ್ತದೆ. ಈ ಗಾಡಿಯಲ್ಲಿ ಹಾಗೆ ಇಟ್ಟರೆ ಹಿಂದಿನ ಗಾಲಿ ಬಂದು ಆ ಕಾಲಿನ ಮೇಲೇ ಹತ್ತುತ್ತದೆ. ಮೊದಲ ದಿನ ನಾಲ್ಕು ಸುತ್ತು ಹಾಕಿ ಇಳಿದಾಗ ಗುರುಗಳು ಕೇಳಿದರು.

"ಕಾಲು ಎಷ್ಟು ಸಲ ಕೆಳಗ ಇಟ್ರಿ?"

"ಒಂದು ಸಲಾನೂ ಇಟ್ಟಿಲ್ರಿ."

ಸುಳ್ಳು ಹೇಳಲಿಲ್ಲ. ಇಟ್ಟಿದ್ದು ನನಗೆ ನೆನಪೇ ಇರಲಿಲ್ಲ. ಮರುದಿನ ಅವರು ಒಂದು ಡಬ್ಬಿಯಲ್ಲಿ ಸುಣ್ಣ ಕಲಸಿಕೊಂಡು ಬಂದು, ನಾನು ಗಾಡಿ ಹತ್ತಿ ಕುಳಿತ ಮೇಲೆ ನನ್ನ ಎರಡೂ ಬೂಟಿನ ತಳಕ್ಕೆ ಬಳಿದು, ಒಣಗಿದ ಮೇಲೆ ಹೊರಡಿಸಿದರು. ಸುತ್ತು ಮುಗಿಸಿ ಸೀಟಿನ ಮೇಲೇ ಕುಳಿತು ತಳ ತೋರಿಸಿದೆ. ಬಲಗಾಲು ಬೆಳ್ಳಗಿತ್ತು. ಎಡಗಾಲಿನ ಸುಣ್ಣ ಹೋಗಿ ಅಲ್ಲಿ ಸಂಡೂರಿನ ಕೆಂಪು ದೂಳು ಕುಂಕುಮದ ಹಾಗೆ ಮೆತ್ತಿಕೊಂಡಿತ್ತು.

"ನಿಮ್ಮ ಕಾಲು ನಿಮಗ ಹೇಳಲಾರದ ಎಲ್ಲೆಲ್ಲೋ ಹೋಗಿ ಬರತೈತಿ" ಎಂದರು ಗುರುಗಳು.

ಐದನೇ ದಿನ ಎರಡೂ ತಳ ಬೆಳ್ಳಗೆ ಉಳಿದವು. ನಾನು ಬೂಟು ಬಿಚ್ಚಿ ತಳದ ಫೋಟೋ ತೆಗೆದು ಅತ್ತೆಗೆ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿ, "ಎಂ.ಎಸ್ಸಿ. ಮಾಡಿದ್ದು ಇದಕ್ಕೇನು?" ಎಂದರು.

ಆಮೇಲಿನ ದಿನಗಳನ್ನು ಹೇಗೆ ಬರೆಯಬೇಕೋ ತಿಳಿಯದು. ಡೈರಿಯಲ್ಲಿ ಆ ವಾರದ ಅಕ್ಷರಗಳೇ ದಪ್ಪಗಿವೆ, ಗೆರೆ ಬಿಟ್ಟು ಮೇಲೆ ಹಾರಿವೆ. ತಿರುವಿಗೆ ಬಂದಾಗ ಮೈಯನ್ನು ತಿರುವಿನ ಒಳಗಡೆಗೆ ವಾಲಿಸಬೇಕು, ಕಣ್ಣು ಮುಂದಿನ ಗಾಲಿಯ ಮೇಲಲ್ಲ, ಹೋಗಬೇಕಾದ ಜಾಗದ ಮೇಲಿರಬೇಕು. ಏರಿನಲ್ಲಿ ಎದ್ದು ನಿಂತು ಹ್ಯಾಂಡಲ್ಲಿನ ಮೇಲೆ ಬಾಗಬೇಕು. ಇಳಿಜಾರಿನಲ್ಲಿ ಸಣ್ಣ ಗೇರಿಗೆ ಹಾಕಿ ಸೀಟಿನ ಹಿಂತುದಿಗೆ ಸರಿಯಬೇಕು. ಓರೆಯಲ್ಲಿ ಹೋಗುವಾಗ ಬೆಟ್ಟದ ಕಡೆಗೆ ವಾಲಬೇಕು, ಏರಿನ ನಡುವೆ ಎಂದೂ ಗಾಡಿ ತಿರುಗಿಸಬಾರದು. ಐವತ್ತರ ಹತ್ತಿರದ, ಮಂಡಿ ನೋವಿನ, ಸೀರೆಯ ಹೆಂಗಸಾದ ನಾನು ಪ್ಯಾಂಟು ಹಾಕಿಕೊಂಡು ನಿಂತು, ಕುಂತು, ಬಾಗಿ, ವಾಲಿ, ಕೆಂಪು ದೂಳಿನಲ್ಲಿ, ಅಂಗಳದಲ್ಲಿಟ್ಟ ಖಾಲಿ ಡ್ರಮ್ಮುಗಳ ಸುತ್ತ ಎಂಟರ ಆಕಾರದಲ್ಲಿ ತಿರುಗುತ್ತಿದ್ದೆ. ಹೆಲ್ಮೆಟ್ಟಿನೊಳಗೆ ಜೋರಾಗಿ ನಗುತ್ತಿದ್ದೆ. ನನ್ನ ನಗು ನನಗೇ ತಿರುಗಿ ಕೇಳುತ್ತಿತ್ತು. ಸಂಜೆ ಮನೆಗೆ ಬಂದು ಸ್ಕೂಟರ್ ಹೊರಡಿಸುವ ಮುಂಚೆ ಎರಡು ಹಾರ್ನ್ ಹೊಡೆದು, ಹಾಲಿನ ಅಂಗಡಿಯವನು ಹೆದರಿ ಪಕ್ಕಕ್ಕೆ ಸರಿದದ್ದೂ ಉಂಟು.

ಗಾಡಿ ಹತ್ತುವ ಮುಂಚೆ ತಪಾಸಣೆ ಎಂಬುದೊಂದಿತ್ತು. ಗಾಲಿಯ ಗಾಳಿ, ಬ್ರೇಕು, ನಟ್ಟು, ಎಣ್ಣೆ. ಕೊನೆಗೆ ಹೆಬ್ಬೆರಳಿನ ಲಿವರ್. ಹ್ಯಾಂಡಲ್ಲನ್ನು ನೇರ, ಎಡ, ಬಲ ಮೂರೂ ಕಡೆ ತಿರುಗಿಸಿ, ಲಿವರ್ ಒತ್ತಿ ಬಿಡಬೇಕು. ಪ್ರತಿ ಸಲವೂ ಟಪ್ ಎಂದು ಹಿಂದಕ್ಕೆ ಬರಬೇಕು. ದಿನಾ ಮಾಡುತ್ತಿದ್ದೆ. ದಿನಾ ಮಾಡುವುದರಲ್ಲೇ ತೊಂದರೆ ಇತ್ತು ಎಂದು ಆಗ ಹೊಳೆದಿರಲಿಲ್ಲ.

ನಡುವೆ ಆಯುಧ ಪೂಜೆ ಬಂತು. ನಾನು ಹೊಸಪೇಟೆಯ ಮಾರುಕಟ್ಟೆಯಲ್ಲಿ ಎರಡು ಮೊಳ ದಪ್ಪನೆಯ ಸೇವಂತಿಗೆ ಹಾರ ಕೊಂಡು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಸಂಡೂರಿಗೆ ಒಯ್ದೆ. ಗುರುಗಳು ಗಾಡಿ ತೊಳೆದು ವಿಭೂತಿ ಪಟ್ಟೆ ಎಳೆದಿದ್ದರು. ನಾನು ಅದರ ಮೇಲೆ ಕುಂಕುಮ ಇಟ್ಟು, ಹಾರವನ್ನು ಹ್ಯಾಂಡಲ್ಲಿನ ಈ ತುದಿಯಿಂದ ಆ ತುದಿಗೆ ನನ್ನ ಕೈಯಾರೆ ಕಟ್ಟಿದೆ. ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು. ಗುರುಗಳು ಎರಡು ಹಾರ್ನ್ ಹೊಡೆದು ನಿಂಬೆಹಣ್ಣಿನ ಮೇಲೆ ಗಾಡಿ ಹಾಯಿಸಿದರು. ಮುಖ್ಯಸ್ಥರು ಮಂಡಕ್ಕಿ, ಪೇಡೆ ಹಂಚಿದರು. ಮರುದಿನ ಬನ್ನಿ ಹಬ್ಬ, ಆಮೇಲೆ ಭಾನುವಾರ, ಆಮೇಲೆ ಮತ್ತೆ ಒಂದು ರಜೆ. ಗಾಡಿ ಶೆಡ್ಡಿನಲ್ಲಿ ಹಾರ ಹಾಕಿಕೊಂಡು ಮದುಮಗನ ಹಾಗೆ ನಿಂತಿತ್ತು.

ನಮ್ಮ ಕಡೆ ಗಾಡಿಗೆ ಕಟ್ಟಿದ ಪೂಜೆಯ ಹಾರವನ್ನು ಯಾರೂ ಬಿಚ್ಚುವುದಿಲ್ಲ. ಅದು ತಾನಾಗಿ ಒಣಗಿ, ತಾನಾಗಿ ಉದುರಬೇಕು. ದೀಪಾವಳಿಯ ತನಕ ಬಸ್ಸುಗಳ ಮುಂದೆ ಒಣಹುಲ್ಲಿನಂತೆ ನೇತಾಡುವ ಹಾರಗಳನ್ನು ಯಾರು ಬೇಕಾದರೂ ನೋಡಬಹುದು. ಬಸ್ಸಿಗೆ ಅದರಿಂದ ತೊಂದರೆ ಇಲ್ಲ.

ರಜೆ ಮುಗಿದ ದಿನವೇ ನನ್ನ ಪರೀಕ್ಷೆ. ಮುಖ್ಯಸ್ಥರು ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು, ತೊಡೆಯ ಮೇಲೆ ಒಂದು ಫಾರಂ ಇಟ್ಟುಕೊಂಡು ಕುಳಿತರು. ಗುರುಗಳು ಅಂಗಳದ ನಡುವೆ ನಿಂತರು. ಶೆಡ್ಡಿನಲ್ಲಿ ನಾನು ಮಾಡಿದ್ದನ್ನು ಅವರು ನೋಡಲಿಲ್ಲ. ಅವರು ಡ್ರಮ್ಮು ಜೋಡಿಸುತ್ತಿದ್ದರು. ನಾನು ಶೆಡ್ಡಿನಿಂದ ಗಾಡಿ ತಂದೆ, ದಾರ ಕಟ್ಟಿಕೊಂಡೆ, ಪೀಂ ಪೀಂ ಎಂದು ಹೊರಟೆ.

ಮೊದಲ ಡ್ರಮ್ಮಿಗೆ ಬಲಕ್ಕೆ ತಿರುಗಿದೆ, ಚೆನ್ನಾಗಿತ್ತು. ಎರಡನೆಯದಕ್ಕೆ ಎಡಕ್ಕೆ ತಿರುಗಿದೆ. ವೇಗ ಕಡಿಮೆ ಮಾಡಲು ಹೆಬ್ಬೆರಳು ಎತ್ತಿದೆ. ಗಾಡಿಯ ವೇಗ ಕಡಿಮೆಯಾಗಲಿಲ್ಲ. ನನ್ನ ಹೆಬ್ಬೆರಳು ಗಾಳಿಯಲ್ಲಿದೆ, ಗಾಡಿ ಮಾತ್ರ ಯಾರೋ ಒತ್ತುತ್ತಿರುವ ಹಾಗೆ ಓಡುತ್ತಿದೆ. ಬ್ರೇಕು ಹಿಡಿದೆ, ಎಂಜಿನ್ ಗುರುಗುಟ್ಟುತ್ತ ಎಳೆಯಿತು. ಎದುರಿಗೆ ಅದಿರಿನ ಪುಡಿಯ ಒಂದು ಗುಡ್ಡೆ. ಅದರೊಳಗೆ ಅರ್ಧ ಹೊಕ್ಕಾಗ ಎಂಜಿನ್ ನಿಂತಿತು. ಕೆಂಪು ದಾರ ನನ್ನ ಮಣಿಕಟ್ಟಿನಿಂದ ಜೋತಾಡುತ್ತಿತ್ತು. ನಾನೇ ಕೈ ಎಳೆದು ದಾರ ಕಿತ್ತೆನೋ, ಹೆದರಿ ಕೈ ಎತ್ತಿದಾಗ ಅದೇ ಕಿತ್ತುಬಂತೋ, ಈಗಲೂ ಹೇಳಲಾರೆ. ಒಂದು ಮಾತ್ರ ಖಚಿತ, ಎರಡೂ ಕಾಲು ಫುಟ್‌ರೆಸ್ಟಿನ ಮೇಲೇ ಇದ್ದವು. ಅದನ್ನು ಗುರುಗಳೂ ನೋಡಿದರು.

ಹಣೆಯಿಂದ ಬೂಟಿನವರೆಗೆ ಕೆಂಪಾಗಿ ನಾನು ನಗುತ್ತಿದ್ದೆ. ಭಯವೇ ನಗುವಾಗಿ ಬರುತ್ತಿತ್ತೋ ಏನೋ. ಗುರುಗಳು ಓಡಿಬಂದು ಮೊದಲು ನನ್ನ ಕೈಕಾಲು ನೋಡಿ, ಆಮೇಲೆ ಹ್ಯಾಂಡಲ್ ನೋಡಿದರು. ಹಸಿಯಾಗಿದ್ದಾಗ ದಪ್ಪವಾಗಿ ಕುಳಿತಿದ್ದ ಹಾರದ ಹೂವು ಒಣಗಿ ಉದುರಿತ್ತು. ಸಡಿಲಾದ ಹಾರದ ದಾರ ಜಾರಿ ಹೆಬ್ಬೆರಳಿನ ಲಿವರ್‌ಗೆ ಸುತ್ತಿಕೊಂಡಿತ್ತು. ಹ್ಯಾಂಡಲ್ ಎಡಕ್ಕೆ ತಿರುಗಿದಾಗ ಬಿಗಿದು ಲಿವರನ್ನು ಎಳೆದು ಹಿಡಿದಿತ್ತು.

ಮುಖ್ಯಸ್ಥರು ತುಮಕೂರು ಕಡೆಯವರು, ಒಳ್ಳೆಯ ಮನುಷ್ಯ. ಫಾರಂ ಹಿಡಿದು ಬಂದರು. "ಏನೂ ಆಗಿಲ್ಲ ತಾನೇ ಮೇಡಂ? ಸರಿ. ಇಲ್ಲೊಂದು ಕಾಲಂ ಇದೆ, ಹತ್ತುವ ಮುಂಚೆ ತಪಾಸಣೆ. ಮಾಡಿದ್ರಿ ಅಲ್ವಾ? ಹೌದು ಅಂದ್ರೆ ಇದು ಗಾಡಿ ದೋಷ ಅಂತ ಬರೆದು ಪಾಸ್ ಮಾಡ್ತೀನಿ. ನೀವು ಗಾಡಿ ನಿಲ್ಲಿಸಿದ್ದೀರಲ್ಲ."

ಮಾಡಿದ್ದೆ. ಅದು ನನಗೆ ಚಿತ್ರದಂತೆ ನೆನಪಿತ್ತು. ಹ್ಯಾಂಡಲ್ ನೇರ, ಟಪ್. ಎಡಕ್ಕೆ, ಟಪ್. ಬಲಕ್ಕೆ, ಟಪ್. ಬಾಯಿ ತೆರೆದು ಹೌದು ಎನ್ನುವುದರಲ್ಲಿದ್ದೆ. ಆ ಚಿತ್ರದಲ್ಲಿ ಹಾರ ಇರಲಿಲ್ಲ. ಹ್ಯಾಂಡಲ್ ಬೋಳಾಗಿತ್ತು. ಹಾಗಾದರೆ ಅದು ಇವತ್ತಿನ ಬೆಳಗಲ್ಲ. ಹಿಂದಿನ ಹತ್ತು ಬೆಳಗುಗಳಲ್ಲಿ ಯಾವುದೋ ಒಂದು. ಇವತ್ತು ಮಾಡಿ, ನೆನಪು ಮಾತ್ರ ಹಳೆಯದನ್ನು ತಂದುಕೊಡುತ್ತಿದೆಯೋ? ಅಥವಾ ಮಾಡಲೇ ಇಲ್ಲವೋ? ಐದನೇ ಮೆಟ್ಟಿಲಿನ ಗಿಡಗಳು ನನ್ನ ಒಂದು ಮಾತಿಗೆ ಕಾದಿದ್ದವು.

"ಗೊತ್ತಿಲ್ರಿ" ಎಂದೆ.

"ಗೊತ್ತಿಲ್ಲ ಅಂದ್ರೆ?"

"ಮಾಡೀನಿ ಅಂತ ನೆನಪೈತಿ. ಆದ್ರ ಆ ನೆನಪು ಇವತ್ತಿಂದಲ್ಲ."

ಮುಖ್ಯಸ್ಥರು ಫಾರಂ ತಿರುವಿ ನೋಡಿದರು. ಹೌದು, ಇಲ್ಲ, ಎರಡೇ ಇದ್ದವು. ಗುರುಗಳು ನೆಲ ನೋಡುತ್ತ ನಿಂತಿದ್ದರು.

"ಇಲ್ಲ ಅಂತ ಬರೀರಿ ಸಾಹೇಬ್ರ. ಗೊತ್ತಿಲ್ಲ ಅಂದ್ರ ಇಲ್ಲ ಅಂತನ ಲೆಕ್ಕ. ಫೇಲ್." ಆಮೇಲೆ ತಮ್ಮ ಟೋಪಿ ತೆಗೆದು ದೂಳು ಕೊಡವಿದರು. "ಹಾರ ನಾನೂ ನೋಡೀನಿ. ಬಿಚ್ಚಿ ಹಿಂದ ಕಟ್ರಿ ಅನ್ನಾಕ ನನ್ನ ಬಾಯಿಗೂ ಬರ್ಲಿಲ್ಲ. ನಾನೂ ಫೇಲ್ ಅಂತ ಬರಕೋರಿ."

ಅತ್ತೆ ಅವತ್ತು ನನ್ನ ತಲೆಗೂದಲು ತೊಳೆಯಲು ನೀರು ಹೊಯ್ದರು. ಮೂರು ಕೊಡ ಕೆಂಪು ನೀರು ಹೋಯಿತು. "ಹೌದು ಅಂದಿದ್ರ ಏನಾಗತಿತ್ತು?" ಎಂದು ಕೇಳಿದರು. ಪಾಸಾಗುತ್ತಿದ್ದೆ ಎಂದೆ. "ಮತ್ತ?" ಎಂದರು. ಆ ಗಾಡಿಯಲ್ಲಿ ಬೆಟ್ಟದ ಅಂಚಿನಲ್ಲಿ ಹೋಗುವಾಗ, ಅವತ್ತಿನ ತಪಾಸಣೆಯ ಬದಲು ಬೋಳು ಹ್ಯಾಂಡಲ್ಲಿನ ಆ ಹಳೆಯ ಚಿತ್ರ ನನ್ನ ಜೊತೆಗಿದ್ದರೆ ಸಾಕೇ, ಅಷ್ಟೇ ಯೋಚನೆ. ಅವರು ಇನ್ನೊಂದು ತಂಬಿಗೆ ನೀರು ಸುರಿದು, "ತಲಿ ಬಗ್ಗಸು" ಎಂದರು.

ಮುಖ್ಯಸ್ಥರು ಐದನೇ ಮೆಟ್ಟಿಲಿನ ಕಾಗದವನ್ನು ತಿಂಗಳ ಕೊನೆಯವರೆಗೆ ತಡೆದಿಟ್ಟರು. ಉಳಿದದ್ದು ಒಂಬತ್ತು ದಿನ. ಅಷ್ಟರಲ್ಲಿ ಇನ್ನೊಂದೇ ಪರೀಕ್ಷೆ. ಗುರುಗಳು ನನಗೆ ಗಾಡಿ ಓಡಿಸಲು ಕೊಡಲಿಲ್ಲ. ಬೀಗದ ಕೈ ತಮ್ಮ ಜೇಬಿನಲ್ಲಿಟ್ಟುಕೊಂಡು, ದಿನಾ ಬೆಳಿಗ್ಗೆ ನಾನು ಬರುವ ಮುಂಚೆ ಗಾಡಿಗೆ ಏನಾದರೊಂದು ಕಿತಾಪತಿ ಮಾಡಿ ಇಡುತ್ತಿದ್ದರು. ನಾನು ಒಂದೊಂದು ಭಾಗವನ್ನೂ ಕೈಯಿಂದ ಮುಟ್ಟಿ, ಬಾಯಿಬಿಟ್ಟು ಹೇಳಿ, ಅದನ್ನು ಹುಡುಕಬೇಕು. ಒಂದು ದಿನ ಒಂದು ಗಾಲಿಯಲ್ಲಿ ಗಾಳಿ ಕಡಿಮೆ. ಒಂದು ದಿನ ನಟ್ಟು ಸಡಿಲ. ಒಂದು ದಿನ ಬ್ರೇಕಿನ ಹಿಡಿಯ ಹಿಂದೆ ಹುಣಸೆಬೀಜ. ಇನ್ನೊಂದು ದಿನ ಅವರೇ ಏನು ಮಾಡಿದ್ದೆ ಎಂದು ಮರೆತು, ಇಬ್ಬರೂ ಮಂಡಿಯೂರಿ ಗಾಡಿಯ ಕೆಳಗೆ ಟಾರ್ಚು ಬಿಟ್ಟು ಹುಡುಕಿದೆವು. ಎಣ್ಣೆಯ ಮುಚ್ಚಳ ಅವರ ಅಂಗಿಯ ಜೇಬಿನಲ್ಲಿತ್ತು.

"ಯಾರಿಗೂ ಹೇಳಬ್ಯಾಡ್ರಿ" ಎಂದರು.

"ನನ್ನ ಡೈರಿಯಾಗ ಬರ್ಕೋತೀನಿ."

"ಬರಕೋರಿ. ನಿಮ್ಮ ಡೈರಿ ನೀವ ನಂಬಂಗಿಲ್ಲ ಅಂತ ಹೇಳೀರಲ್ಲ."

ಪರೀಕ್ಷೆಯ ಬೆಳಿಗ್ಗೆ ನಾನು ಇಪ್ಪತ್ತು ನಿಮಿಷ ಹುಡುಕಿದೆ. ಗಾಲಿ ಸರಿ. ಬ್ರೇಕು ಸರಿ. ನಟ್ಟು, ಎಣ್ಣೆ, ಚೈನು, ದೀಪ ಸರಿ. ಹ್ಯಾಂಡಲ್ ಮೂರೂ ಕಡೆ, ಟಪ್, ಟಪ್, ಟಪ್. ಮತ್ತೆ ಮೊದಲಿಂದ ನೋಡಿದೆ. ಸೀಟಿನ ಕೆಳಗೆ ಕೈ ಹಾಕಿದೆ, ಹಾರ್ನ್ ಹೊಡೆದು ನೋಡಿದೆ. ಮುಖ್ಯಸ್ಥರು ಎರಡನೇ ಚಹಾ ಮುಗಿಸಿದರು. ಗುರುಗಳ ಮುಖ ಕಲ್ಲು. ಕೊನೆಗೆ ನಾನು ಎದ್ದು ನಿಂತು, "ಏನೂ ಇಲ್ರಿ. ಎಲ್ಲಾ ಸರಿ ಐತಿ" ಎಂದೆ.

"ಗ್ಯಾರಂಟಿ?"

"ಇವತ್ತಿಂದು ಗ್ಯಾರಂಟಿ. ನಾಳಿದು ನಾಳಿ ನೋಡ್ತೀನಿ."

"ಏನೂ ಮಾಡಿದ್ದಿಲ್ರಿ ಇವತ್ತು" ಎಂದು ಅವರು ಬೀಗದ ಕೈ ಕೊಟ್ಟರು. ಡ್ರಮ್ಮುಗಳ ಸುತ್ತ ತಿರುಗಿದ್ದು, ಏರು ಹತ್ತಿದ್ದು, ಓರೆಯಲ್ಲಿ ಹೋದದ್ದು ಯಾವುದೂ ನನಗೆ ಸರಿಯಾಗಿ ನೆನಪಿಲ್ಲ. ಫಾರಂನಲ್ಲಿ ಪಾಸ್ ಎಂದಿದೆ, ಅದನ್ನು ನಂಬುತ್ತೇನೆ.

ಅವತ್ತೇ ಮೇಲೆ ಹೋದೆ. ಗುರುಗಳು ಇನ್ನೊಂದು ಗಾಡಿಯಲ್ಲಿ ಮೂರನೇ ಮೆಟ್ಟಿಲಿನವರೆಗೆ ಬಂದು, ದಾರಿ ಪೂರ್ತಿ ಕಾಣುವ ಜಾಗದಲ್ಲಿ ವಾಕಿಟಾಕಿ ಹಿಡಿದು ನಿಂತರು. ಅಲ್ಲಿಂದ ಮುಂದೆ ನಾನೊಬ್ಬಳೇ. ಕೊಚ್ಚಿಹೋದ ಕಡೆ ಎದ್ದು ನಿಂತು ಬಾಗಿದೆ. ಗಾಡಿ ಮೂಗು ಎತ್ತಿ, ಕೆಮ್ಮಿ, ಹತ್ತಿತು. ದೂರದಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಹೊಗೆ, ಇನ್ನೊಂದು ಕಡೆ ಬಿಸಿಲಿಗೆ ಹೊಳೆಯುವ ಅಣೆಕಟ್ಟಿನ ಹಿನ್ನೀರು. ನೋಡಬಾರದೆಂದು ಗೊತ್ತಿದ್ದರಿಂದ ಎರಡನ್ನೂ ಒಂದು ಕ್ಷಣವಷ್ಟೇ ನೋಡಿದೆ.

ಐದನೇ ಮೆಟ್ಟಿಲು ಹಸಿರಾಗಿತ್ತು. ಪೂರ್ತಿ ಅಲ್ಲ. ಬಿದಿರು ಒಂದು ಸಾಲು ಒಣಗಿ ಹೋಗಿತ್ತು, ಹೊಂಗೆಗಳನ್ನು ಯಾವುದೋ ಮೃಗ ಕಚ್ಚಿತ್ತು. ಆದರೆ ದಿಂಡಿಗಗಳು ನಿಂತಿದ್ದವು. ನನ್ನ ಸೊಂಟದವರೆಗೆ ಬರಬಹುದೆಂದುಕೊಂಡಿದ್ದವು ತಲೆಗಿಂತ ಮೇಲೆ ಹೋಗಿದ್ದವು. ಗಾಡಿ ನಿಲ್ಲಿಸಿ, ಗೇರು ಬಿಡಿಸಿ, ಬ್ರೇಕು ಹಾಕಿ, ಬೀಗದ ಕೈ ತೆಗೆದು ಇಳಿದೆ. ಒಂದು ಗಿಡದ ಕಾಂಡ ಹಿಡಿದುಕೊಂಡು ನಿಂತೆ, ನಗು ಶುರುವಾಯಿತು. ತಡೆಯಲು ಆಗಲಿಲ್ಲ.

ನನ್ನ ಸೊಂಟದ ವಾಕಿಟಾಕಿ ಗರಗರ ಎಂದಿತು.

"ಮೇಡಮ್ಮಾರ, ಮುಟ್ಟಿದ್ರ್ಯಾ? ಗಿಡ ಅದಾವ?"

"ಅದಾವ್ರಿ. ಬರ್ತೀನಿ ಈಗ, ಇಳೀತೀನಿ."

ನನ್ನ ನಗು ಅವರಿಗೆ ಕೇಳಿಸುತ್ತಿತ್ತು.

"ಈಗ ಇಳೀಬ್ಯಾಡ್ರಿ" ಎಂದರು. "ಗಾಡಿ ಮುಟ್ಟಬ್ಯಾಡ್ರಿ. ಅಲ್ಲೇ ನೆರಳಾಗ ಕುಂದ್ರಿ. ನಗೋದು ಪೂರ್ತಿ ನಿಂತ ಮ್ಯಾಲ ಇಳೀರಿ."

ನನ್ನ ಗಿಡಗಳ ನೆರಳಿನಲ್ಲಿ ಕುಳಿತೆ. ಭಾಳ ಹೊತ್ತು ಕುಳಿತೆ. ಎರಡು ಸಲ ನಗು ನಿಂತಿತು ಎಂದುಕೊಂಡು ಎದ್ದೆ, ಮತ್ತೆ ಬಂದು ಕುಳಿತೆ.